ಹಳ್ಳದ ಹೊಂಗೆ ಕೆಳಗೆ ಕೂತವಳು

ಮದುವೆ ಎಲ್ಲಿ ಆಗಬೇಕೆಂಬುದನ್ನು ಹೇಳಿದ್ದು ಪಂಚಾಂಗವಲ್ಲ, ನೆರಳು. ಹೊಸಹಳ್ಳಿ ಹೋಬಳಿಯ ಆ ಸಣ್ಣ ಊರಿನಿಂದ ಅರ್ಧ ಹರದಾರಿ ನಡೆದರೆ ಒಂದು ಒಣಹಳ್ಳ, ಅದರ ದಂಡೆಗೆ ಮೂರು ಹೊಂಗೆ ಮರ. ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ದುರುಗಮ್ಮ ಮಗಳು ಗೀತಮ್ಮನ ಜೊತೆ ಒಂದು ಇಡೀ ದಿನ ಅಲ್ಲಿ ಕಳೆದಳು. ನೆರಳು ಸರಿದ ಹಾಗೆಲ್ಲ ಅದರ ಅಂಚಿಗೊಂದು ಕಲ್ಲು ಇಟ್ಟರು. ಹತ್ತು ಗಂಟೆಯ ಕಲ್ಲು, ಹನ್ನೊಂದರ ಕಲ್ಲು, ನಡುಮಧ್ಯಾಹ್ನದ ಕಲ್ಲು. ಗಂಡಿನ ಕಡೆಯಿಂದ ಹನ್ನೆರಡು ಜನ, ಇವರ ಕಡೆಯಿಂದ ಹದಿನೈದು. ಅಷ್ಟು ಜನಕ್ಕೆ ಆ ನೆರಳು ಧಾರಾಳವಾಗಿತ್ತು. ಮೇಲಿನಿಂದ ಹೊಂಗೆ ಹೂವು ಉದುರುತ್ತಿತ್ತು, ಯಾರೂ ಕೇಳದೆ, ಯಾರೂ ಕೊಳ್ಳದೆ.

ಊರಿನಲ್ಲಿ ಜಾಗವಿರಲಿಲ್ಲವೆಂದಲ್ಲ. ಕೇರಿಯವರ ಹೆಸರಿನಲ್ಲೇ ಸರ್ಕಾರ ಕಟ್ಟಿಸಿದ ಸಮುದಾಯ ಭವನವೊಂದಿತ್ತು. ಅದರೊಳಗೆ ಕೇರಿಯವರದಲ್ಲದ ಗೊಬ್ಬರದ ಚೀಲಗಳು ಎರಡು ವರ್ಷದಿಂದ ಸಂಸಾರ ಹೂಡಿದ್ದವು. ಬೀಗದ ಕೈ ಇಟ್ಟುಕೊಂಡವನು ದುರುಗಮ್ಮನನ್ನು ಮೂರು ಸಲ ನಾಳೆ ಬಾ ಎಂದು ಕಳಿಸಿದ್ದ. ನಾಲ್ಕನೆಯ ಸಲ ಅವಳೇ ಹೋಗಲಿಲ್ಲ. ಸಾಮೂಹಿಕ ಮದುವೆಯಲ್ಲಿ ಮಾಡಿಬಿಡು ಎಂದವರೂ ಇದ್ದರು. ದೊಡ್ಡವರ ಭಾಷಣ ಮುಗಿಯುವ ತನಕ ಬಾಸಿಂಗ ಕಟ್ಟಿಕೊಂಡು ಬಿಸಿಲಿನಲ್ಲಿ ಸಾಲು ನಿಲ್ಲಲು ತಾನೇನು ರೇಷನ್ ಅಂಗಡಿಗೆ ಬಂದವಳೇ ಎಂದು ಗೀತಮ್ಮ ಕೇಳಿದ್ದಳು. ಅವಳು ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ಹೇಳುವವಳು. ಅವಳನ್ನು ಕೈಹಿಡಿಯಲಿದ್ದ ಪಾಲಾಕ್ಷ ಕೊಟ್ಟೂರಿನಲ್ಲಿ ಸೈಕಲ್ ಶಾಪ್ ಇಟ್ಟವನು, ಪುಸ್ತಕ ಓದುವ ಗೆಳೆಯರ ಜೊತೆ ಸಂಜೆ ಕೂತು ವಾದ ಮಾಡುವವನು. ಹಳ್ಳ ಯಾರಪ್ಪನದೂ ಅಲ್ಲ, ಅಲ್ಲೇ ಆಗಲಿ ಎಂದು ಇಬ್ಬರೂ ಹಟ ಹಿಡಿದರು. ಬಯಲಿನಲ್ಲಿ ಮದುವೆಯೆಂದರೆ ಅವರಿಗೆ ಸಂಭ್ರಮ. ದುರುಗಮ್ಮನಿಗೆ ಬಯಲು ಹೊಸದಾಗಿರಲಿಲ್ಲ. ಅವಳು ಕಂಡ ಮದುವೆಗಳನ್ನೆಲ್ಲ ಬಯಲಲ್ಲಿ ನಿಂತೇ ಕಂಡಿದ್ದಳು.

ದುರುಗಮ್ಮನನ್ನು ಹನ್ನೆರಡನೆಯ ವಯಸ್ಸಿಗೆ ದೇವರೇ ಗಂಡನೆಂದು ಮುತ್ತು ಕಟ್ಟಿ ಬಸವಿ ಬಿಟ್ಟಿದ್ದರು. ದೇವರಿಗೆ ಸಾವಿಲ್ಲ, ಹಾಗಾಗಿ ಬಸವಿಗೆ ಗಂಡ ಸಾಯುವ ಭಯವಿಲ್ಲ, ಹಾಗಾಗಿ ಅವಳು ಕರಿಮಣಿ ಪೋಣಿಸಿಕೊಟ್ಟ ತಾಳಿ ಗಟ್ಟಿ. ಊರಿನ ಧರ್ಮ ಇಷ್ಟು ಸಲೀಸು. ಮೂವತ್ತು ವರ್ಷ ದುರುಗಮ್ಮ ದೊಡ್ಡ ಮನೆಗಳ ಹಿತ್ತಲಿನಲ್ಲಿ, ದನದ ಕೊಟ್ಟಿಗೆಯ ಪಕ್ಕ ನಿಂತು ಮಣಿ ಪೋಣಿಸಿದ್ದಳು. ಪೋಣಿಸಿದ್ದನ್ನು ಮೊರದಲ್ಲಿಟ್ಟು ಹಿಂದೆ ಸರಿಯಬೇಕು. ಯಾರೋ ಬಂದು ಅದಕ್ಕೆ ಅರಿಶಿನದ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು. ಒಳಗೆ ವಾದ್ಯ ಜೋರಾದರೆ ತಾಳಿ ಬಿತ್ತೆಂದು ಇವಳು ತಿಳಿದುಕೊಳ್ಳಬೇಕು. ಅವಳ ಕೈ ಶುಭ, ಕೈಯ ಹಿಂದಿನ ಹೆಂಗಸು ಅಲ್ಲ.

ಅದಕ್ಕೇ ನಡುಮಧ್ಯಾಹ್ನದ ಕಲ್ಲು ಇಡುವಾಗ ಗೀತಮ್ಮ ಒಂದು ಷರತ್ತು ಹಾಕಿದ್ದಳು.

"ಯವ್ವಾ, ನೀ ಇಲ್ಲಿ ಕುಂದ್ರಬೇಕು. ಈ ಬೇರಿನ ಮ್ಯಾಲ."

"ನಾ ಕುಂತ್ರ ಕೆಲಸ ಯಾರು ಮಾಡ್ತಾರ ಬೇ?"

"ನೀ ಕುಂದ್ರೋದ ಕೆಲಸ. ನನ್ನ ಮದುವ್ಯಾಗ ನೀ ಎದ್ದಿ ಅಂದ್ರ, ನಾ ಹಸೆಮಣಿ ಬಿಟ್ಟು ಎದ್ದು ಹೋಗ್ತೀನಿ ನೋಡು."

ದುರುಗಮ್ಮ ನಕ್ಕಿದ್ದಳು. ಆಮೇಲೆ ಯಾರಿಗೂ ಕಾಣದಂತೆ ಆ ಬೇರಿನ ಮೇಲೆ ಒಂದು ಗಳಿಗೆ ಕೂತು ನೋಡಿದ್ದಳು. ಬೇರು ಬೆನ್ನಿಗೆ ಹೊಂದುವ ಹಾಗಿತ್ತು.

ಉಳಿದದ್ದು ನೀರು. ಇಪ್ಪತ್ತೇಳು ಜನಕ್ಕೆ ಅಡಿಗೆ, ಕುಡಿಯಲು, ಕೈತೊಳೆಯಲು. ಕೇರಿಯ ಬೋರಿಂಗು ಕೆಟ್ಟು ಕೂತಿತ್ತು. ದೊಡ್ಡಮನೆಯ ಲಕ್ಷ್ಮಿದೇವಮ್ಮನ ಹೊಲದ ಬೋರು ಮಾತ್ರ ಹಗಲೆಲ್ಲ ಹರಿಯುತ್ತಿತ್ತು. ಮದುವೆ ಇನ್ನು ಒಂಬತ್ತು ದಿನವಿದೆ ಎನ್ನುವಾಗ ದುರುಗಮ್ಮ ಹೋಗಿ ಆ ಮನೆಯ ಅಂಗಳದ ಮೂಲೆಯಲ್ಲಿ ನಿಂತಳು. ಲಕ್ಷ್ಮಿದೇವಮ್ಮ ಕೆಟ್ಟ ಮಾತಿನವಳಲ್ಲ. ಮಗಳ ಮದುವೆಯೆಂದರೆ ತಮ್ಮ ಮನೆ ಕೆಲಸವಿದ್ದಂಗೆ, ಒಂದು ಟ್ಯಾಂಕರ್ ನೀರು ಏನು ಮಹಾ ಎಂದಳು. ಅದೇ ಉಸಿರಿಗೆ, ಅಂದೇ ಬೆಳಿಗ್ಗೆ ತಮ್ಮ ಮೊಮ್ಮಗಳದೂ ಮದುವೆ ಎಂದಳು.

"ನೀರು ಇಳಿಸಿದ ಟ್ರ್ಯಾಕ್ಟರಿನಾಗ ಹತ್ತಿ ಬಾ. ಮಣಿ ಪೋಣಿಸಿ ಕೊಟ್ಟು ಹೋಗು. ನಿಂದಾದ್ರೂ ಎಷ್ಟೊತ್ತಿನ ಕೆಲಸ?"

"ಹೂನ್ರವ್ವಾ" ಎಂದಳು ದುರುಗಮ್ಮ.

ಮೂವತ್ತು ವರ್ಷ ಅದೇ ಅಂಗಳದಲ್ಲಿ ಅದೇ ಮಾತು ಹೇಳಿದ ಬಾಯಿ ಅದು. ಮನಸ್ಸನ್ನು ಕೇಳುವ ರೂಢಿ ಅದಕ್ಕಿರಲಿಲ್ಲ. ಓಣಿ ದಾಟಿ, ಬೇವಿನ ಕಟ್ಟೆ ದಾಟಿ, ಕೇರಿಯ ಮೊದಲ ಗುಡಿಸಲು ಬಂದಾಗ ತಾನು ಏನಂದೆ ಎಂಬುದು ಅವಳಿಗೆ ತಿಳಿಯಿತು. ತಿರುಗಿ ಹೋಗಿ ಇಲ್ಲವೆನ್ನಲು ನಿಂತಳು. ಇಲ್ಲವೆನ್ನುವುದು ಹೇಗೆ ಶುರುವಾಗುತ್ತದೆ ಎಂದು ಗೊತ್ತಾಗದೆ ಮನೆಗೆ ನಡೆದಳು.

ಒಂಬತ್ತು ದಿನ ಅದು ಅವಳ ಎದೆಯೊಳಗೆ ಕೂತಿತ್ತು. ಕಡ್ಲೆಬೇಳೆ ಹಸನು ಮಾಡುವಾಗ, ಮುತ್ತುಗದ ಎಲೆ ಹಚ್ಚುವಾಗ, ಮಗಳು ಜಂಪರು ತೋರಿಸಿ ಬಣ್ಣ ಹೊಂದುತ್ತದೆಯೇ ಎಂದು ಕೇಳುವಾಗ. ಕೊನೆಗೆ ತಮ್ಮ ಬೊಮ್ಮಯ್ಯನಿಗೆ ಮಾತ್ರ ಹೇಳಿದಳು. ಬೊಮ್ಮಯ್ಯ ದೊಡ್ಡಮನೆಯ ಕುರಿ ಕಾಯುವವನು. ಹೋಗಿಬಾ ಎಂದನು, ಒಂದು ತಾಸಿನ ಮಾತು, ಗೀತಾಳಿಗೆ ತಾನು ಏನಾದರೂ ಹೇಳುತ್ತೇನೆ, ನೀರು ಮುಖ್ಯ. ನಾಳೆಯೂ ಇದೇ ಊರಿನಲ್ಲಿ ಬಾಳಬೇಕಲ್ಲ ಎಂದೂ ಸೇರಿಸಿದನು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ದುರುಗಮ್ಮನಿಗೆ ಹೆಚ್ಚು ಸುಸ್ತಾದದ್ದು ಅದಕ್ಕೇ. ಅದರ ಮೇಲೆ ಕೊಟ್ಟೂರಿನಿಂದ ಬೀಗತಿ ಪಂಪಮ್ಮ ಹೇಳಿಕಳಿಸಿದ್ದಳು: ಮಣಿ, ದಾರ ತಾನೇ ತರುತ್ತೇನೆ, ತನ್ನ ಮಗನ ತಾಳಿಯನ್ನು ದುರುಗಮ್ಮನ ಕೈಯೇ ಪೋಣಿಸಲಿ, ಆ ಕೈಯ ತಾಳಿ ಹರಿಯುವುದಿಲ್ಲವಂತೆ. ಗಂಡನನ್ನು ಕಳೆದುಕೊಂಡ ಆ ಹೆಂಗಸಿನ ಆಸೆ ಅದು. ಅಲ್ಲೂ ಕೈ ಬೇಕಾಗಿತ್ತು.

ಮದುವೆಯ ದಿನ ನಸುಕಿಗೇ ಎಲ್ಲ ಹಳ್ಳಕ್ಕೆ ನಡೆದರು. ಗಂಡಿನವರ ಟೆಂಪೊ ಎಂಟಕ್ಕೆ ಬಂತು. ಪಾಲಾಕ್ಷನ ಗೆಳೆಯರು ಮೂರು ಕಲ್ಲಿನ ಒಲೆ ಹೂಡಿ, ಸೌದೆ ಆಯ್ದು, ಹಳ್ಳದ ಮರಳನ್ನು ಸಮ ಮಾಡಿ ಜಮಖಾನ ಹಾಸಿದರು. ಹೊಂಗೆಯ ಟೊಂಗೆಗಳೇ ಚಪ್ಪರ. ಗೀತಮ್ಮ ಹಸಿರು ಸೀರೆಯುಟ್ಟು ಬಂದವಳು ಮೊದಲು ಮಾಡಿದ ಕೆಲಸವೆಂದರೆ ಅವ್ವನ ರಟ್ಟೆ ಹಿಡಿದು ಆ ಬೇರಿನ ಮೇಲೆ ಕೂರಿಸಿದ್ದು.

ಕೂತ ಕೂಡಲೇ ದುರುಗಮ್ಮನ ಮೈಯೊಳಗೆ ಏನೋ ಇಳಿಯಿತು. ನಿದ್ದೆಯಲ್ಲ. ಕಾಲಿನಿಂದ ಮಣ್ಣಿಗೆ, ಸೊಂಟದಿಂದ ಬೇರಿಗೆ, ಮೂವತ್ತು ವರ್ಷದ ನಿಂತ ಭಾರವೆಲ್ಲ ಸದ್ದಿಲ್ಲದೆ ಸುರಿದು ಹೋಗುತ್ತಿತ್ತು.

ಆಗ ಟ್ರ್ಯಾಕ್ಟರಿನ ಸದ್ದು ಕೇಳಿತು.

ದೊಡ್ಡಮನೆಯ ಡ್ರೈವರ್ ಶಿವಯೋಗಿ ಟ್ಯಾಂಕರ್ ತಂದು ದಂಡೆಯ ಮೇಲೆ ನಿಲ್ಲಿಸಿದ. ಇಂಜಿನ್ ಆರಿಸಲಿಲ್ಲ. ನಲ್ಲಿಯನ್ನೂ ಬಿಡಲಿಲ್ಲ. ದುರುಗಕ್ಕ ಮೊದಲು ಹತ್ತಲಿ, ಅಲ್ಲಿ ಮುಹೂರ್ತ ಹತ್ತಿರ ಬಂದಿದೆ, ಆಮೇಲೆ ನೀರು ಬಿಡು ಎಂದು ತನಗೆ ಹೇಳಿದ್ದಾರೆ ಎಂದ. ಹೇಳುವಾಗ ಅವನು ಯಾರ ಮುಖವನ್ನೂ ನೋಡಲಿಲ್ಲ. ಗೀತಮ್ಮನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅವಳು ತಾಯಿಯ ಕಡೆ ತಿರುಗಿದಳು. ಬರೀ ನೋಡಿದಳು.

"ಏಳಕ್ಕಾ, ಒಂದು ತಾಸು" ಎಂದ ಬೊಮ್ಮಯ್ಯ ಮೆಲ್ಲಗೆ.

ದುರುಗಮ್ಮ ಏಳಲು ನೋಡಿದಳು. ಸತ್ಯವಾಗಿಯೂ ನೋಡಿದಳು. ಬೇರಿಗೆ ಕೈಯೂರಿದಳು. ಕೈ ಊರಿಕೊಂಡಿತು, ಮೈ ಬರಲಿಲ್ಲ.

"ಏಳಾಕ ಆಗವಲ್ದಪ್ಪಾ" ಎಂದಳು.

"ಮಂಡಿ ಹಿಡಿದಾವೇನು?" ಎಂದು ಶಿವಯೋಗಿ ಕೇಳಿದ. ಅವನಿಗೂ ಒಂದು ನೆಪ ಬೇಕಾಗಿತ್ತು.

"ಮಂಡಿ ಚಲೋ ಅದಾವು. ದಣಿದೀನಿ."

"ಅಮ್ಮಾರಿಗೆ ಏನಂತ ಹೇಳ್ಲಿ?"

"ದುರುಗಮ್ಮ ಕುಂತಾಳ ಅಂತ ಹೇಳು."

ಶಿವಯೋಗಿ ಗೇರು ಹಾಕಿದ. ಅವನೂ ಅನ್ನ ತಿನ್ನಬೇಕಾದವನು. ಟ್ಯಾಂಕರ್ ತಿರುಗಿತು. ಅದರ ಹಿಂದಿನ ನಲ್ಲಿಯಿಂದ ಸೋರಿದ ಹನಿಗಳು ಧೂಳಿನಲ್ಲಿ ಒಂದು ಗೆರೆ ಎಳೆಯುತ್ತ ಹೋದವು. ಬೊಮ್ಮಯ್ಯ ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಇಪ್ಪತ್ತೇಳು ಜನರನ್ನು ನಾಲಿಗೆ ಒಣಗಿಸಿ ಕಳಿಸುವ ಮದುವೆ ಇದೇ ಮೊದಲು ಎಂದ, ನಾಳೆ ಕುರಿ ಬಿಡಿಸಿದರೆ ತನ್ನ ಗತಿ ಏನು ಎಂದೂ ಗೊಣಗಿದ.

ಪಾಲಾಕ್ಷ ಬಾಸಿಂಗ ಬಿಚ್ಚಿ ಗೀತಮ್ಮನ ಕೈಗಿಟ್ಟ. ಧೋತರ ಮೇಲೆ ಕಟ್ಟಿ, ಹಳ್ಳದ ತಿರುವಿನಲ್ಲಿ ಮರಳು ಕಪ್ಪಗಿದ್ದ ಕಡೆ ಸಲಿಕೆ ಹಾಕಿದ. ಗೆಳೆಯರು ಸೇರಿದರು. ಬೊಮ್ಮಯ್ಯ ಒಂದಷ್ಟು ಹೊತ್ತು ನೋಡಿದ. ತೋಡುವವರು ತಪ್ಪು ಜಾಗ ಹಿಡಿದಿದ್ದಾರೆಂದು ಕಂಡಿತು. ಕುರಿಗೆ ನೀರು ಹುಡುಕಿ ಬಲ್ಲವನು ಸುಮ್ಮನಿರುವುದು ಹೇಗೆ?

"ಲೇ ಅಳಿಯ, ಅಲ್ಲಿ ತೋಡಿದ್ರ ನಿನ್ನ ಮಮ್ಮಕ್ಕಳು ಬಂದು ಕುಡೀಬೇಕು. ಈ ಕಡೆ ಬಾ, ಜೊಂಡು ಇರೋ ಜಾಗಕ್ಕ."

ಎದೆಯಾಳದ ಗುಂಡಿಯಾದ ಮೇಲೆ ಒರತೆ ಕಂಡಿತು. ಒಂದು ತಂಬಿಗೆ ತುಂಬಲು ಎಷ್ಟೋ ಹೊತ್ತು. ಕೆಸರು ಕೂರಬೇಕು, ತಿಳಿ ಬರಬೇಕು, ಬಟ್ಟೆಯಲ್ಲಿ ಸೋಸಬೇಕು, ಮತ್ತೆ ಕಾಯಬೇಕು. ಹತ್ತರ ಕಲ್ಲು ಬಿಸಿಲಿಗೆ ಬಿತ್ತು, ಹನ್ನೊಂದರದೂ ಬಿತ್ತು. ಊರಿನ ಕಡೆಯಿಂದ ಗಾಳಿಯಲ್ಲಿ ವಾದ್ಯದ ಸದ್ದು ತೇಲಿಬಂದು ಜೋರಾಯಿತು. ಅಲ್ಲಿ ತಾಳಿ ಬಿತ್ತು. ಯಾರು ಪೋಣಿಸಿದರೋ. ದುರುಗಮ್ಮ ಇಲ್ಲದೆಯೂ ಬೀಳುತ್ತದೆ ತಾಳಿ. ಇಷ್ಟು ವರ್ಷ ಇದು ಅವಳಿಗೂ ಗೊತ್ತಿರಲಿಲ್ಲ.

ಪಂಪಮ್ಮ ಸಂಚಿಯಿಂದ ದಾರ, ಕರಿಮಣಿ ತೆಗೆದು ಹತ್ತಿರ ಬಂದಳು. ಕೇಳಲು ಸಂಕೋಚ, ಕೇಳದಿರಲು ಮನಸ್ಸಿಲ್ಲ.

"ಬೀಗತೆವ್ವಾ, ಕುಂತಲ್ಲೇ ಪೋಣಿಸಿ ಕೊಡ್ರಿ."

"ನೀವ ಪೋಣಸ್ರಿ."

"ಗಂಡ ಸತ್ತಾಕಿ ನಾನು. ಮುಟ್ಟಬಾರದ್ರೀ."

"ನನಗ ಗಂಡನ ಇರಲಿಲ್ರೀ" ಎಂದಳು ದುರುಗಮ್ಮ. "ನೀವಾದ್ರೂ ಒಬ್ಬನ್ನ ಕಂಡೀರಿ."

ಪಂಪಮ್ಮ ನಿಂತೇ ಇದ್ದಳು. ಮಣಿಗಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಸುರಿದುಕೊಂಡಳು. ಆ ಕೈಗಳಲ್ಲಿ ಬಳೆಯಿರಲಿಲ್ಲ. ಗೀತಮ್ಮ ಆ ಕಡೆಯಿಂದ, ಅತ್ತೀ, ದಾರ ತೊಯ್ಸಿಕೊಳ್ರಿ, ಸಲೀಸು ಹೋಗತೈತಿ ಎಂದು ಒರತೆಯ ಮೊದಲ ತಂಬಿಗೆ ತಂದು ಮುಂದಿಟ್ಟಳು. ಪಂಪಮ್ಮ ಬೇರಿನ ಇನ್ನೊಂದು ತುದಿಗೆ ಕೂತಳು. ಕಣ್ಣು ಮಂಜು, ಒಂದೊಂದು ಮಣಿಗೂ ಮೂರು ಸಲ ದಾರ ತಪ್ಪುತ್ತಿತ್ತು. ದುರುಗಮ್ಮನ ಬೆರಳುಗಳು ತೊಡೆಯ ಮೇಲೆ ತಾವೇ ಅಲುಗಾಡಿದವು. ಅವುಗಳನ್ನು ಸೆರಗಿನಲ್ಲಿ ಸುತ್ತಿ ಇಟ್ಟುಕೊಂಡಳು.

ತಾಳಿ ಕಟ್ಟುವಾಗ ನಡುಮಧ್ಯಾಹ್ನದ ಕಲ್ಲಿಗೂ ಬಿಸಿಲು ಬಂದಿತ್ತು. ವಾದ್ಯವಿರಲಿಲ್ಲ. ಗುಂಡಿ ತೋಡಿದವರ ಮೈಮೇಲೆ ಮರಳು ಒಣಗಿತ್ತು. ದುರುಗಮ್ಮ ಕೂತಲ್ಲಿಂದಲೇ ಅಕ್ಷತೆ ಎಸೆದಳು. ಅದು ಮಗಳ ತನಕ ಹೋಗದೆ ನಡುವೆ ಎಲ್ಲೋ ಬಿತ್ತು. ಇಷ್ಟು ಮದುವೆ ಮಾಡಿದ ಕೈಗೆ ಅಕ್ಷತೆ ಎಸೆದು ರೂಢಿಯಿರಲಿಲ್ಲ. ಗೀತಮ್ಮ ಹಸೆಮಣೆಯಿಂದಲೇ ಬಗ್ಗಿ, ಜಮಖಾನದ ಅಂಚಿನಲ್ಲಿ ಬಿದ್ದ ನಾಲ್ಕು ಕಾಳು ಆಯ್ದು ತಲೆಯ ಮೇಲೆ ಹಾಕಿಕೊಂಡಳು.

ಅನ್ನ ಬೇಯಲು ಇನ್ನೂ ಎರಡು ತಂಬಿಗೆ ನೀರು ಬೇಕಿತ್ತು. ನೆರಳು ಸರಿದಂತೆ ಜನ ಜಮಖಾನ ಎಳೆದುಕೊಂಡು ಅದರ ಹಿಂದೆ ಸರಿದರು. ನಾಳೆ ದೊಡ್ಡಮನೆಯಿಂದ ಕರೆ ಬರುತ್ತದೆ, ಅಂಗಳದಲ್ಲಿ ನಿಲ್ಲಿಸಿ ಕೇಳುತ್ತಾರೆ. ಏನು ಹೇಳಬೇಕೆಂದು ದುರುಗಮ್ಮ ಯೋಚಿಸಲಿಲ್ಲ. ಬಿಸಿಲು ಅವಳ ಪಾದಕ್ಕೆ ಬಂದಿತ್ತು.

"ಈ ಕಡೆ ಸರೀರಿ, ಬಿಸಿಲು ಬಂತು" ಎಂದಳು ಪಂಪಮ್ಮ.

"ಬರಲಿ ಬಿಡ್ರಿ. ಇನ್ನೊಂಚೂರು ಕುಂದ್ರತೀನಿ."