ರದ್ದಾದರೆ ಇಬ್ಬರದ್ದೂ

1.

ಎಲ್ಲಿಂದ ಶುರು ಮಾಡಲಿ? ಅಕ್ಕನ ಕಣ್ಣಿನಿಂದ ಶುರು ಮಾಡಿದರೆ ನೀವು ಅಯ್ಯೋ ಪಾಪ ಅಂತೀರಿ. ಟಿಕೆಟ್ಟಿನಿಂದ ಶುರು ಮಾಡಿದರೆ ಪುಟ ಮಗುಚುತ್ತೀರಿ. ಮೊದಲ ಡ್ರಾಫ್ಟು ಏರ್‌ಪೋರ್ಟಿನಲ್ಲಿ ತೆರೆದುಕೊಂಡಿತ್ತು. ಆದರೆ ಈ ಕಥೆಯಲ್ಲಿ ಯಾರೂ ಏರ್‌ಪೋರ್ಟಿಗೆ ಹೋಗುವುದೇ ಇಲ್ಲ, ಹಾಗಾಗಿ ಹರಿದು ಹಾಕಿದೆ. (ಡಿಲೀಟ್ ಮಾಡಿದೆ ಅಂತ ಓದಿಕೊಳ್ಳಿ. ಹರಿಯೋದಕ್ಕೆ ಸ್ವಲ್ಪ ಗತ್ತು ಜಾಸ್ತಿ.)

ಸರಿ, ಮಂಗಳವಾರ ಮಧ್ಯಾಹ್ನದಿಂದ.

2.

ಮಂಗಳವಾರ ಮಧ್ಯಾಹ್ನ ಚಿಕ್ಕಿ ತನ್ನ ಅಕ್ಕನ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು, ಅಕ್ಕನ ಫೋನಿನಲ್ಲಿ ನಲವತ್ತು ನಿಮಿಷದಿಂದ ವಿಮಾನ ಕಂಪನಿಯ ಒಂದೇ ಹೋಲ್ಡ್ ಮ್ಯೂಸಿಕ್ ಕೇಳುತ್ತಿದ್ದಳು. ಚಿಕ್ಕಿ ಅನ್ನುತ್ತಿದ್ದುದು ಅಕ್ಕನ ಮಗಳು; ಬರಬರುತ್ತಾ ಎಲ್ಲರಿಗೂ ಅವಳು ಚಿಕ್ಕಿಯೇ ಆದಳು. ಡೆಂಟಲ್ ಲ್ಯಾಬಿನಲ್ಲಿ ಕಟ್ಟುಹಲ್ಲು ತಯಾರಿಸುವುದು ಅವಳ ಕೆಲಸ. ಎಂಥ ವಕ್ರ ದವಡೆಗೂ ಹಲ್ಲು ಕೂರಿಸಿದವಳಿಗೆ ಒಂದು ಬುಕಿಂಗನ್ನು ಎರಡು ಮಾಡಲು ಆಗುತ್ತಿರಲಿಲ್ಲ.

ಅಕ್ಕ ಬೋರಲಾಗಿ ಮಲಗಿದ್ದಳು. ಕಣ್ಣಿನ ಒಳಪರದೆ ಕಿತ್ತುಬಂದು ಶುಕ್ರವಾರ ಆಪರೇಷನ್ ಆಗಿತ್ತು. ಕಣ್ಣೊಳಗೆ ಗ್ಯಾಸಿನ ಗುಳ್ಳೆ ತುಂಬಿದ್ದರು. ಹತ್ತು ದಿನ ಮುಖ ಕೆಳಗೆ, ಗುಳ್ಳೆ ಕರಗುವವರೆಗೆ ವಿಮಾನ ಹತ್ತುವ ಹಾಗಿಲ್ಲ. “ಮೇಲೆ ಹೋದರೆ ಗುಳ್ಳೆ ಹಿಗ್ಗುತ್ತೆ, ಕಣ್ಣು ಹೋಗುತ್ತೆ,” ಅಂದಿದ್ದರು ಡಾಕ್ಟರು, ಒಂದೇ ಉಸಿರಿನಲ್ಲಿ.

ಗುರುವಾರ ಬೆಳಿಗ್ಗೆಯ ವಿಮಾನಕ್ಕೆ ಅಕ್ಕ-ತಂಗಿ ಇಬ್ಬರಿಗೂ ಸೀಟಿತ್ತು. ಅಕ್ಕನ ಮಗಳು ದೂರದ ಊರಲ್ಲಿ ದಿನ ತುಂಬಿ ಕೂತಿದ್ದಳು. ಅವಳ ಗಂಡ ಹಡಗಿನ ಇಂಜಿನಿಯರ್, ನಡುಸಮುದ್ರದಲ್ಲಿ. ಟಿಕೆಟ್ಟು ರಿವಾರ್ಡ್ ಪಾಯಿಂಟಿನದ್ದು: ಅಕ್ಕ ಹದಿನಾರು ವರ್ಷ ಆಸ್ಪತ್ರೆಗಳಿಗೆ ಮೆಷಿನ್ ಮಾರುತ್ತಾ ಊರೂರು ಹಾರಿ ಕೂಡಿಟ್ಟದ್ದು.

ಅಕ್ಕನ ಸೀಟು ರದ್ದು ಮಾಡಬೇಕು, ಚಿಕ್ಕಿ ಹೋಗಬೇಕು. ಇಷ್ಟೇ. ಆ್ಯಪ್ ಒಪ್ಪಲಿಲ್ಲ. ಅದರಲ್ಲಿದ್ದದ್ದು ಒಂದೇ ಕೆಂಪು ಬಟನ್: ‘ಎಲ್ಲ ಪ್ರಯಾಣಿಕರನ್ನೂ ರದ್ದುಮಾಡಿ.’

3.

ಕಸ್ಟಮರ್ ಕೇರಿನ ಮೊದಲ ಮೂವರು ಒಬ್ಬರಿಂದೊಬ್ಬರಿಗೆ ದಾಟಿಸಿ ಕೈತೊಳೆದುಕೊಂಡರು. ನಾಲ್ಕನೆಯವನು ಸ್ವಲ್ಪ ಮನುಷ್ಯ.

“ಮೇಡಂ, ಒಬ್ಬರನ್ನ ಮಾತ್ರ ತೆಗೀಬೇಕಂದ್ರೆ ಮೊದಲು ಬುಕಿಂಗ್ ಒಡೀಬೇಕು.”

“ಒಡೀರಿ.”

“ಯಾರದ್ದು ರದ್ದು ಅಂತ, ಪಾಯಿಂಟ್ ಯಾರದೋ ಅವರ ಬಾಯಿಂದಾನೇ ಕೇಳಬೇಕು.”

ಚಿಕ್ಕಿ ಫೋನನ್ನು ದಿಂಬಿನ ಹತ್ತಿರ ಹಿಡಿದಳು. “ಅಕ್ಕಾ, ‘ನನ್ನದು’ ಅಂದ್ಬಿಡು. ಒಂದೇ ಮಾತು.”

ಅಕ್ಕ ದಿಂಬಿನೊಳಗಿಂದಲೇ ಅಂದಳು: “ಇಬ್ಬರದ್ದೂ ಇರಲಿ.”

(ಇದು ನನ್ನ ಪ್ಲಾನಿನಲ್ಲಿ ಇರಲಿಲ್ಲ. “ನೀವು ‘ನನ್ನದು’ ಅನ್ನಬೇಕು, ಕಥೆ ಮುಂದೆ ಹೋಗಬೇಕು,” ಅಂದೆ. “ನಿಮ್ಮ ಕಥೆ ಹಾಳಾಗ್ಲಿ. ಇಷ್ಟೊತ್ತಿಂದ ಬೋರಲು ಹಾಕಿದೀರ, ಬೆನ್ನು ಹೇಗಿದೆ ಅಂತ ಒಂದು ಸಲ ಕೇಳಿದ್ರಾ?” ಅಂದಳು ಅಕ್ಕ. ಕೇಳಿರಲಿಲ್ಲ.)

4.

“ಏನಂದೆ ಅಕ್ಕಾ?”

“ನಾನೂ ಬರ್ತೀನಿ. ಮೊಮ್ಮಗು ನೋಡೋಕೆ ಒಂದು ಕಣ್ಣು ಸಾಕು.”

“ತಲೆ ನೆಟ್ಟಗಿದೆಯಾ?”

“ಮಗಳು ಮೊದಲನೇ ಹೆಜ್ಜೆ ಇಟ್ಟಾಗ ನಾನು ವಿಮಾನದಲ್ಲಿದ್ದೆ. ಜ್ವರ ಬಂದಾಗ ನೀನಿದ್ದೆ. ಫೇಲಾಗಿ ಬಾಗಿಲು ಹಾಕ್ಕೊಂಡಾಗ ನೀನಿದ್ದೆ. ನನಗೆ ಪಾಯಿಂಟ್ ಬಂತು. ಈಗ ಅದನ್ನೂ ನಿನ್ನ ಕೈಗೆ ಕೊಟ್ಟು, ನೀನೇ ಹೋಗಿ ಮಗು ಎತ್ಕೋ ಅನ್ಲಾ?”

ಚಿಕ್ಕಿಗೆ ನೆನಪಾಯಿತು: ಹುಡುಗಿ ಚಿಕ್ಕವಳಿದ್ದಾಗ ಒಮ್ಮೆ ಬಾಯ್ತಪ್ಪಿ ತನ್ನನ್ನು ಅಮ್ಮಾ ಅಂದಿದ್ದಳು. ತಾನು ತಿದ್ದಿದ್ದು ನಿಜ. ಆದರೆ ತಿದ್ದುವ ಮೊದಲು ಒಂದು ಗಳಿಗೆ ಕಾದಿದ್ದೂ ನಿಜ.

ಬಾಗಿಲಲ್ಲಿ ಬಾವ ಕಣ್ಣಿನ ಡ್ರಾಪ್ಸ್ ಹಿಡಿದು ನಿಂತಿದ್ದ. ಅಕ್ಕ-ತಂಗಿ ಜಗಳಕ್ಕೆ ಬಿದ್ದಾಗಲೆಲ್ಲ ಅವನು ಕೈಯಲ್ಲಿರುವುದನ್ನು ಓದುತ್ತಾನೆ. ಈಗ ಎಕ್ಸ್‌ಪೈರಿ ಡೇಟ್ ಓದುತ್ತಿದ್ದ.

“ಮೇಡಂ, ಅವರು ಒಪ್ಪಿಲ್ಲ ಅಂತ ನೋಟ್ ಹಾಕ್ತೀನಿ,” ಅಂದ ಫೋನಿನವನು, ಎಲ್ಲವನ್ನೂ ಕೇಳಿಸಿಕೊಂಡವನ ದನಿಯಲ್ಲಿ. “ಬೇರೇನಾದ್ರೂ ಸಹಾಯ ಬೇಕಿತ್ತಾ?”

5.

ಅಕ್ಕ ಹಿಡಿದ ಹಟ ಬಿಟ್ಟವಳಲ್ಲ. ಗುರುವಾರ ಬೆಳಿಗ್ಗೆ ಎದ್ದು ಟ್ಯಾಕ್ಸಿ ಹತ್ತಿಯೇಬಿಡುತ್ತಾಳೆ, ಬಾವ ಬ್ಯಾಗು ಹೊರುತ್ತಾನೆ. ಚಿಕ್ಕಿಗೆ ಅದು ಕಣ್ಣಿಗೆ ಕಟ್ಟಿದ ಹಾಗಿತ್ತು.

ಅವಳು ಕೆಂಪು ಬಟನ್ ಒತ್ತಿದಳು. ‘ಖಚಿತವೇ?’ ಅಂದಿತು ಆ್ಯಪ್. ಬೆಳಿಗ್ಗೆಯಿಂದ ಅವಳ ಮಾತಿಗೆ ಮಣಿಯದ್ದು ಈಗ ಎರಡೇ ಸೆಕೆಂಡಿನಲ್ಲಿ ಕೆಲಸ ಮುಗಿಸಿತು. ಪಾಯಿಂಟು ವಾಪಸ್ಸಾಗಲು ಹತ್ತು ವರ್ಕಿಂಗ್ ಡೇಸ್. ಆ ವಾರ ದುಡ್ಡು ಕೊಟ್ಟರೂ ಬೇರೆ ಸೀಟಿರಲಿಲ್ಲ.

“ಅಕ್ಕಾ, ಇಬ್ಬರದ್ದೂ ತೆಗೆದೆ. ನಾನು ರೈಲಲ್ಲಿ ಹೋಗ್ತೀನಿ.”

ಅಕ್ಕನ ಕೈ ಹಾಸಿಗೆಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿಯಿತು. ಮಾತಾಡಲಿಲ್ಲ. ಮರುದಿನ ಚಿಕ್ಕಿ ಹೊರಡುವಾಗಲೂ ಮಾತಾಡಲಿಲ್ಲ.

6.

ಈಗ ಮುಗಿಸುವ ಕಷ್ಟ.

ಅಕ್ಕ ನಕ್ಕು ತಂಗಿಯ ಕೈ ಹಿಡಿದಳು ಅಂತ ಬರೆದೆ. “ಹಿಡಿಯಲ್ಲ,” ಅಂದಳು ಅಕ್ಕ.

ಫೋನಿನವನು ತಾನಾಗಿ ಕರೆ ಮಾಡಿ ಚಿಕ್ಕಿಗೊಂದು ಸೀಟು ಕೊಡಿಸಿದ ಅಂತ ಬರೆದೆ. “ಅಂಥವರಿದ್ರೆ ನಂಬರ್ ಕೊಡಿ,” ಅಂದಳು ಚಿಕ್ಕಿ.

ಆದದ್ದು ಹೀಗೆ. ಮೂವತ್ತೆಂಟು ಗಂಟೆ ರೈಲು, ಅಪ್ಪರ್ ಬರ್ತು. ಗುರುವಾರ ಮಧ್ಯಾಹ್ನ ರೈಲು ಯಾವುದೋ ಸಿಗ್ನಲ್ಲಿಗೆ ಕಾದು ನಿಂತಿದ್ದಾಗ ಮಗು ಹುಟ್ಟಿತು. ಹೆಣ್ಣು. ಹುಡುಗಿಯ ಜೊತೆ ಇದ್ದದ್ದು ನರ್ಸ್ ಒಬ್ಬಳೇ. ಶುಕ್ರವಾರ ಚಿಕ್ಕಿ ವಾರ್ಡಿಗೆ ಕಾಲಿಟ್ಟಾಗ ಹುಡುಗಿ ಅವಳ ಹಿಂದೆ ಯಾರಾದರೂ ಇದ್ದಾರಾ ಅಂತ ನೋಡಿದಳು.

“ಅಮ್ಮ ಬರಲಿಲ್ವಾ?”

“ಹೊರಟಿದ್ದಳು. ನಾನೇ ಬಿಡಲಿಲ್ಲ.”

ಚಿಕ್ಕಿ ಮಗುವನ್ನು ಎತ್ತಿಕೊಳ್ಳಲಿಲ್ಲ. ಮೊದಲು ವಿಡಿಯೋ ಕಾಲ್ ಮಾಡಿದಳು. ಆ ಕಡೆ ಬಾವ ಫೋನನ್ನು ನೆಲದ ಮೇಲೆ, ಮಂಚದಂಚಿಗೆ ಇಳಿಬಿದ್ದ ಅಕ್ಕನ ಮುಖದ ನೇರ ಕೆಳಗೆ ಇಟ್ಟ. ಪರದೆ ತುಂಬ ಅಕ್ಕನ ಮುಖ, ಒಂದು ಕಣ್ಣಿಗೆ ಪಟ್ಟಿ, ಕೆಳಗೆ ಜೋತ ಕೆನ್ನೆ.

“ಹತ್ತಿರ ಹಿಡಿ,” ಅಂದಳು. ಮೂರು ದಿನದಲ್ಲಿ ತಂಗಿಗೆ ಆಡಿದ ಮೊದಲ ಮಾತು.

ಚಿಕ್ಕಿ ಹಿಡಿದಳು.

“ಇನ್ನೂ.”

ಇದು ಕ್ಷಮೆಯಾ, ಅಪ್ಪಣೆಯಾ? ನನ್ನನ್ನು ಕೇಳಬೇಡಿ, ನನಗೂ ಅಲ್ಲಿಂದ ಮಗುವಿನ ಒಂದು ಕಿವಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಇಲ್ಲಿಗೆ ಮುಗಿಸೋಣ ಅಂದೆ.

“ಸ್ವಲ್ಪ ತಡೀರಿ,” ಅಂದಳು ಚಿಕ್ಕಿ, ತಿರುಗಿಯೂ ನೋಡದೆ. “ಅಕ್ಕ ಇನ್ನೂ ನೋಡ್ತಿದ್ದಾಳೆ.”