ಆರು ಹತ್ತರ ಕರೆ

ತಂಗಿ ತೀರಿಕೊಂಡ ಸುದ್ದಿ ನಿವೃತ್ತ ಪೋಸ್ಟ್‌ಮಾಸ್ಟರಿಗೆ ತಲುಪಿದ್ದು ಐದನೆಯ ದಿನ. ತಂಗಿಯ ಮಗಳು ಕಣಿವೆಯ ಆಚೆ ಊರಿನಿಂದ ಮೊದಲ ಬಸ್ಸು ಹಿಡಿದು ಬಂದು ಬಾಗಿಲಲ್ಲಿ ನಿಂತಳು. ಮುದುಕರು ಅವಳನ್ನು ಒಳಗೆ ಕರೆದು ಕೂರಿಸಿದರು.

"ಬಿರುಗಾಳಿ ಎದ್ದ ಸಂಜೆಯೇ ಅಮ್ಮನಿಗೆ ಕಾಯಿಲೆ ಜೋರಾಯ್ತು ಮಾವ. ಅಣ್ಣನ್ನ ಕರೆಸು ಅಂತ ಒಂದೇ ಹಟ. ಫೋನ್ ಸತ್ತುಹೋಗಿತ್ತು. ಮಾರನೆಯ ಮಧ್ಯಾಹ್ನ ರಸ್ತೆಯೂ ಕುಸೀತು. ಅಮ್ಮ ಹೋದದ್ದು ಅದರ ಮರುದಿನ."

"ಅಂದರೆ ಅವತ್ತೇ ಸಂಜೆ ತಿಳಿದಿದ್ದರೆ, ಬೆಳಗಿನ ಬಸ್ಸಿಗೆ ನಾನು ಬಂದುಬಿಡುತ್ತಿದ್ದೆ."

ಅವಳು ಒಂದು ಹಾಳೆ ಕೊಟ್ಟಳು. ಅವರ ಬೀದಿಯ ವಾಚು ರಿಪೇರಿಯವರು ಹ್ಯಾಮ್ ರೇಡಿಯೊ, ಅಂದರೆ ಪರವಾನಗಿ ಪಡೆದು ಹವ್ಯಾಸಕ್ಕೆ ನಡೆಸುವ ರೇಡಿಯೊ, ಇಟ್ಟುಕೊಂಡವರು. ಈಚೆ ಕಡೆ ಯಾರಾದರೂ ಕೇಳಿಸಿಕೊಂಡಾರೆಂದು ಬ್ಯಾಟರಿಯ ಮೇಲೆ ಸಂದೇಶ ಕಳಿಸಲು ನೋಡಿದ್ದರು. ಹಾಳೆ ಅವರ ದಾಖಲೆ ಪುಸ್ತಕದ್ದು. ಸಂಜೆ 6:10, ಕರೆದೆ, ಉತ್ತರವಿಲ್ಲ. 6:25, ಉತ್ತರವಿಲ್ಲ. 6:40, ಉತ್ತರವಿಲ್ಲ. ಹೀಗೆ ಒಂಬತ್ತು ಸಾಲು.

ಉತ್ತರ ಕೊಡಬೇಕಾದ ರೇಡಿಯೊ ಇರಬೇಕಾಗಿದ್ದದ್ದು ಪೋಸ್ಟ್‌ಮಾಸ್ಟರರ ಮನೆಯ ಮೇಲೆಯೇ. ಗುಡ್ಡ ಅಡ್ಡ ಬಂದರೆ ರೇಡಿಯೊ ಹಿಡಿಯದು; ದಿಬ್ಬದ ಆ ಮನೆಯ ತಾರಸಿಯಿಂದ ಮಾತ್ರ ಆಚೆ ಊರು ಕಾಣುತ್ತಿತ್ತು. ಮೂರು ತಿಂಗಳ ಹಿಂದೆ ವಿಜ್ಞಾನದ ಟೀಚರಮ್ಮ ಬಂದು, "ಒಂದು ರೇಡಿಯೊ ಕಂಬ ನೆಡೋಕೆ ಜಾಗ ಕೊಡಿ ಸಾರ್" ಎಂದು ಕೇಳಿದ್ದರು. "ನಲವತ್ತು ವರ್ಷ ಒಂದು ಕಾಗದ ತಪ್ಪಿಸದೆ ಹಂಚಿದವನು ನಾನು. ನಿಮ್ಮ ತಂತಿ ಆಟ ಬೇರೆ ಕಡೆ ಆಡಿ" ಎಂದು ಇವರು ಅಟ್ಟಿದ್ದರು.

ಹಾಳೆಯನ್ನು ಪ್ರಾರ್ಥನೆಯ ಪುಸ್ತಕದೊಳಗೆ ಇಟ್ಟುಕೊಂಡರು. ಹದಿನೈದು ದಿನ ಕಳೆದ ಮೇಲೆ ತಾವೇ ಟೀಚರಮ್ಮನ ಮನೆಗೆ ಹೋಗಿ ಆ ಹಾಳೆ ತೋರಿಸಿದರು.

"ಕಂಬ ನೆಡಿ. ಆದರೆ ನನಗೆ ತಿಳಿಯೋ ಹಾಗೆ ಹೇಳಿ."

"ಆಚೆಯವರು ರೇಡಿಯೊದಲ್ಲಿ ಕಳಿಸಿದ್ದನ್ನ ಇಲ್ಲಿನ ರೇಡಿಯೊ ಹಿಡಿಯುತ್ತೆ. ಪಕ್ಕದ ಪುಟ್ಟ ಕಂಪ್ಯೂಟರ್ ಅದನ್ನ ಇಮೇಲ್ ಮಾಡಿ ಮುಂದಕ್ಕೆ ಸಾಗಿಸುತ್ತೆ. ಇದನ್ನೇ ಗೇಟ್‌ವೇ ಅಂತಾರೆ. ನೀವು ಮಾಡಿದ ಕೆಲಸವೇ ಸಾರ್, ಒಂದು ಚೀಲದಿಂದ ತೆಗೆದು ಇನ್ನೊಂದು ಚೀಲಕ್ಕೆ ಹಾಕೋದು."

"ಲಕೋಟೆಯೋ, ಕಾರ್ಡೋ?"

"ಕಾರ್ಡು. ಗಾಳೀಲಿ ಹೋಗೋದನ್ನ ಯಾರು ಬೇಕಾದರೂ ಓದಬಹುದು. ಗುಟ್ಟು, ವ್ಯಾಪಾರ ಇದರಲ್ಲಿ ಕೂಡದು."

"ಸಾಫ್ಟ್‌ವೇರ್ ಯಾವ ಕಂಪನೀದು? ನಾಳೆ ಅವರು ಬಾಗಿಲು ಹಾಕಿಕೊಂಡರೆ?"

"ಯಾವ ಕಂಪನೀದೂ ಅಲ್ಲ. ಬರೆದವರು ಒಳಗಿನ ಬರಹದ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಕೆಟ್ಟರೆ ಬಲ್ಲವರು ಬಿಚ್ಚಿ ನೋಡಿ ಸರಿಮಾಡಬಹುದು. ನನಗೆ ವರ್ಗವಾದರೂ ಇನ್ನೊಬ್ಬರು ನಡೆಸಬಹುದು. ಅವರೂ ಪರೀಕ್ಷೆ ಬರೆದು ಪರವಾನಗಿ ತಗೊಂಡಿರಬೇಕು, ಅಷ್ಟೆ. ಸದ್ಯಕ್ಕೆ ಪರವಾನಗಿ ನನ್ನದು, ಬೀಗದ ಕೈ ನಿಮ್ಮದು."

ಕಂಬ ನಿಂತಿತು. ತಾರಸಿಯ ಕೋಣೆಯಲ್ಲಿ ರೇಡಿಯೊ, ಕಂಪ್ಯೂಟರ್, ಬ್ಯಾಟರಿ ಕೂತವು. ಬೆಳಗಿನ ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿತ್ತು. ಆದರೆ ವಾಚು ರಿಪೇರಿಯವರು ಅಂಗಡಿ ಮುಚ್ಚಿ ಸಂಜೆ ಕರೆದರೆ ಮಾತ್ರ ಉತ್ತರವೇ ಇಲ್ಲ. ಒಂದು ವಾರ ತಲೆ ಕೆಡಿಸಿಕೊಂಡ ಟೀಚರಮ್ಮ ಒಂದು ಸಂಜೆ ನೇರ ತಾರಸಿ ಹತ್ತಿದರು. ಕೋಣೆಗೆ ಬೀಗ. ಕಿಟಕಿಯಿಂದ ನೋಡಿದರೆ ಒಳಗೆ ಸ್ವಿಚ್ಚು ಆರಿತ್ತು. ಹಿಂದೆಯೇ ಹತ್ತಿ ಬಂದ ಪೋಸ್ಟ್‌ಮಾಸ್ಟರರನ್ನು ಕೇಳಿದರು.

"ಯಾರು ಆರಿಸಿದ್ದು ಸಾರ್?"

"ನಾನೇ. ಕಚೇರಿ ಮುಚ್ಚೋ ಹೊತ್ತು, ಐದಕ್ಕೆ ಸರಿಯಾಗಿ ಆರಿಸಿ, ಬೀಗ ಜಗ್ಗಿ ನೋಡಿಯೇ ಇಳೀತೀನಿ. ಭಾನುವಾರ ತೆಗೆಯೋದೇ ಇಲ್ಲ."

ಮೆಟ್ಟಿಲ ಬುಡದಿಂದ ಹೆಂಡತಿ ಕೂಗಿ ಹೇಳಿದರು: "ಐದಾದ ಮೇಲೆ ಅವರ ಬಾಯಿಂದ ಮಾತೇ ಹೊರಡಲ್ಲ ಟೀಚರಮ್ಮ. ಇನ್ನು ರೇಡಿಯೊ ಮಾತಾಡೋಕೆ ಬಿಟ್ಟಾರಾ?"

ಟೀಚರಮ್ಮನಿಗೆ ನಗು ಬಂತು. ತಡೆದುಕೊಂಡು ಮೆಲ್ಲಗೆ ಕೇಳಿದರು. "ಆ ಹಾಳೆ ಎಲ್ಲಿದೆ ಸಾರ್?"

ಪೋಸ್ಟ್‌ಮಾಸ್ಟರು ಕೆಳಗೆ ಹೋಗಿ ಪುಸ್ತಕ ತೆರೆದರು. ಸಂಜೆ 6:10, ಕರೆದೆ. ಆ ಸಾಲನ್ನು ಎಷ್ಟೋ ಸಲ ಓದಿದ್ದರು. ಈಗ ಅದು ಕಣ್ಣಿಗೆ ಚುಚ್ಚಿತು. ಕಂಬ ಅಂದೇ ನಿಂತಿದ್ದರೂ ತಂಗಿಯ ಕರೆ ಈ ಬೀಗಕ್ಕೆ ಬಡಿದು ಹಿಂದಿರುಗುತ್ತಿತ್ತು.

ಮೇಲೆ ಬಂದು ಬೀಗ ತೆಗೆದು ಟೀಚರಮ್ಮನ ಕೈಯಲ್ಲಿಟ್ಟರು. "ಇದನ್ನ ನೀವೇ ಇಟ್ಟುಕೊಳ್ಳಿ. ಇನ್ನು ಈ ಕಚೇರಿಗೆ ರಜೆ ಇಲ್ಲ." ಅಂದಿನಿಂದ ಪ್ರತಿ ಭಾನುವಾರ ಬ್ಯಾಟರಿ ಪರೀಕ್ಷಿಸುವ ಕೆಲಸ ಅವರದೇ ಆಯಿತು. ಪರವಾನಗಿಯ ಪರೀಕ್ಷೆಗೆ ಪುಸ್ತಕವನ್ನೂ ತರಿಸಿಕೊಂಡರು. "ಎಪ್ಪತ್ತೆರಡಕ್ಕೆ ಪರೀಕ್ಷೆನಾ?" ಎಂದ ಹೆಂಡತಿಯೇ ಸಂಜೆ ಕೂತು ಪ್ರಶ್ನೆ ಕೇಳತೊಡಗಿದರು.

ಬೀಗ ತೆಗೆದ ಮರುದಿನ ಸಂಜೆಯೇ ರೇಡಿಯೊ ಕಿರುಗುಟ್ಟಿತು. ಪರದೆಯ ಮೇಲೆ ವಾಚು ರಿಪೇರಿಯವರು ಕಳಿಸಿದ ಸಾಲು ಮೂಡಿತು: "ನಿಮ್ಮ ತಂಗಿಯ ಮಗಳು ಇಲ್ಲಿದ್ದಾಳೆ. ಮಾವನಿಗೆ ತಲುಪಿತಾ ಅಂತ ಕೇಳ್ತಾಳೆ." ಗಡಿಯಾರ ಆರು ಹನ್ನೊಂದು ತೋರಿಸುತ್ತಿತ್ತು. "ತಲುಪಿತು ಅಂತ ಬರೀರಿ" ಎಂದು ಪಕ್ಕದಲ್ಲಿದ್ದ ಟೀಚರಮ್ಮನಿಗೆ ಹೇಳಿ ಮುದುಕರು ಕನ್ನಡಕ ಒರೆಸಿಕೊಂಡರು.

ಓದುತ್ತಿರುವವರೇ, ಫೋನು ಸತ್ತ ದಿನ ನಿಮ್ಮವರ ಕರೆ ಯಾವ ದಾರಿಯಲ್ಲಿ ಬಂದೀತು ಎಂದು ಇಂದೇ ಯೋಚಿಸಿ. ನಿಮ್ಮ ಊರಿನಲ್ಲಿ ಹ್ಯಾಮ್ ರೇಡಿಯೊ ಬಲ್ಲವರು ಯಾರೆಂದು ವಿಚಾರಿಸಿ. ಎತ್ತರದ ಮನೆಯವರು ತಾರಸಿ ಕೊಡಿ, ಕಲಿಯಬಲ್ಲವರು ಪರೀಕ್ಷೆ ಬರೆಯಿರಿ. ನಡೆಸುವವರು ಒಬ್ಬರೇ ಆಗದಿರಲಿ, ಬ್ಯಾಟರಿ ಬರಿದಾಗದಿರಲಿ, ಕೋಣೆಗೆ ಬೀಗ ಬೀಳದಿರಲಿ.

ದೇವರೇ, ಅಣ್ಣನ ದಾರಿ ಕಾಯುತ್ತ ಕಣ್ಣು ಮುಚ್ಚಿದ ಆ ತಾಯಿಯನ್ನು ನಿನ್ನ ಸನ್ನಿಧಿಗೆ ಸೇರಿಸಿಕೊ. ನಮ್ಮ ಕಿವಿಗೆ ಬೀಳದ ಅವಳ ಕರೆ ನಿನ್ನ ಕಿವಿಗೆ ಬಿದ್ದಿದೆ. ಅವಳ ಆತ್ಮಕ್ಕೆ ಶಾಂತಿ ಕೊಡು.