ಇಪ್ಪತ್ತನೇ ಸುತ್ತಿನ ಕಿಟಕಿ

ಟೀವಿಯ ಬೆನ್ನಿನ ತೂತಿಗೆ ಪ್ಲಾಸ್ಟಿಕ್ ಸ್ಕ್ರೂಡ್ರೈವರ್ ತೂರಿಸಿ, ಬೆಳಕಿನ ತಿರುಪನ್ನು ಎಡಕ್ಕೆ ಕೂದಲೆಳೆಯಷ್ಟು ತಿರುಗಿಸಿದ. ಸಾಲದು ಅನ್ನಿಸಿತು. ಇನ್ನೊಂದು ಕೂದಲೆಳೆ. ಚಿತ್ರ ಮನುಷ್ಯರ ಕಣ್ಣಿಗೆ ಕಾಣಬೇಕು, ಪರದೆಯ ಬೆಳಕನ್ನು ಗುರುತಿಸುವ ವಿಡಿಯೋ ಆಟದ ಗನ್ನಿಗೆ ಕಾಣಬಾರದು, ಅಷ್ಟೇ. ಮೂವತ್ತು ವರ್ಷ ಟೀವಿ ರಿಪೇರಿ ಮಾಡಿದವನಿಗೆ ಅದೇನು ಬ್ರಹ್ಮವಿದ್ಯೆಯಲ್ಲ. ಆದರೆ ಅಷ್ಟರಲ್ಲಿ ಅಂಗಡಿಯ ಬಾಗಿಲಲ್ಲಿ ಹೆಂಡತಿಯ ನಗು ಕೇಳಿಸಿತು. ಕೈ ಜೋರಾಯಿತು. ಒಳಗೆ ಏನೋ ‘ಕಟಕ್’ ಅಂದಿತು.

“ರೀ, ಗುರಿ ಬಂದ!”

ಗುರಿ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಈ ಅಂಗಡಿ ಮಾವನದಾಗಿದ್ದಾಗ, ಮಾವ ಇನ್ನೂ ಮಾವನಾಗದೆ ಬರೀ ಯಜಮಾನರಾಗಿದ್ದಾಗ, ಇಬ್ಬರು ಹುಡುಗರು ಇಲ್ಲಿ ಕೆಲಸ ಕಲಿಯುತ್ತಿದ್ದರು. ಒಬ್ಬನ ಬೆಸುಗೆ ಅಚ್ಚುಕಟ್ಟು, ಇನ್ನೊಬ್ಬನ ಗುರಿ ಅಚ್ಚುಕಟ್ಟು. ಹೆಸರುಗಳು ಅಂಟಿಕೊಂಡವು: ಇವನು ಬೆಸುಗೆ, ಅವನು ಗುರಿ. ತನಗೆ ಮಾತ್ರ ‘ಬೆಸುಗೆ’ ಯಾಕೆ, ಅವನಿಗೆ ‘ಗುರಿ’ ಯಾಕೆ ಎಂದು ಬೆಸುಗೆ ಆಗಾಗ ಯೋಚಿಸಿದ್ದುಂಟು. ಯಜಮಾನರ ಮಗಳನ್ನು ಮದುವೆಯಾದದ್ದು ತಾನೇ. ಆದರೂ ಆ ಮಗಳು ತನ್ನನ್ನು ‘ನೀವು’ ಅನ್ನುತ್ತಾಳೆ, ಗುರಿಯನ್ನು ಇವತ್ತಿಗೂ ‘ನೀನು’.

ಎಲ್ಲಕ್ಕೂ ಮೂಲ ಆ ಆಟ. ಯಾವನೋ ಗಿರಾಕಿ ರಿಪೇರಿಗೆಂದು ಕೊಟ್ಟು ವಾಪಸು ಬರಲೇ ಇಲ್ಲ. ಲೇಬಲ್ಲು ಉದುರಿಹೋಗಿ ಹೆಸರೂ ತಿಳಿಯದು. ಪರದೆಯ ಮೇಲೆ ಮೂರು ಮಹಡಿಯ ಕಟ್ಟಡ, ಕಿಟಕಿಗಳಿಂದ ಕೆಟಲುಗಳು ಹಾರಿ ಬರುತ್ತವೆ, ನೆಲಕ್ಕೆ ಬೀಳುವ ಮುಂಚೆ ಕಿತ್ತಳೆ ಬಣ್ಣದ ಗನ್ನಿನಿಂದ ಹೊಡೆಯಬೇಕು. ಮೇಲಿನ ಮೂಲೆಯ ಕಿಟಕಿ ಮಾತ್ರ ತೆರೆಯುವುದೇ ಇಲ್ಲ. ಇಪ್ಪತ್ತನೇ ಸುತ್ತಿನವರೆಗೂ ಒಂದೂ ತಪ್ಪದಿದ್ದರೆ ತೆರೆಯುತ್ತದೆ. ಬೆಸುಗೆ ಹನ್ನೆರಡು ದಾಟಿದವನಲ್ಲ. ಗುರಿ ಒಂದು ಮಧ್ಯಾಹ್ನ ತೆರೆಸಿದ. ಆಗ ಅವನ ಪಕ್ಕದ ಸ್ಟೂಲಿನಲ್ಲಿದ್ದವಳು ಅವಳು. ಬೆಸುಗೆ ರಿಪೇರಿಯಾದ ಟೀವಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಗಿರಾಕಿಯ ಮನೆಗೆ ಹೋಗಿದ್ದ.

ಆ ಕಿಟಕಿಯಲ್ಲಿ ಏನಿತ್ತು ಎಂದು ಮದುವೆಯಾದ ಮೇಲೆ ಎಷ್ಟು ಸಲ ಕೇಳಿದ್ದನೋ. “ಹೇಳಿಬಿಟ್ರೆ ಏನು ಮಜಾ?” ಎಂದು ಅವಳು ನಕ್ಕುಬಿಡುತ್ತಿದ್ದಳು. ಅವರಿಬ್ಬರಿಗೆ ಮಾತ್ರ ಗೊತ್ತಿರುವ ಕಿಟಕಿ. ಇಷ್ಟು ವರ್ಷದ ಮೇಲೆ ಗುರಿ ಮತ್ತೆ ಆಡಲಿದ್ದಾನೆ. ಇವತ್ತು ಅದು ಎರಡನೇ ಸಲ ತೆರೆಯಕೂಡದು.

ಗುರಿ ಒಳಗೆ ಬಂದ. ತಲೆ ನೆರೆತಿತ್ತು, ಹೆಗಲು ಮಾತ್ರ ಹಾಗೇ ಇತ್ತು. “ಲೋ ಬೆಸುಗೆ! ಇನ್ನೂ ಅದೇ ಸ್ಟೂಲಾ? ಏನ್ರೀ ಚಿಕ್ಕ ಯಜಮಾನ್ರೇ, ಗಂಡನಿಗೊಂದು ಕುರ್ಚಿ ಕೊಡ್ಸೋಕಾಗ್ಲಿಲ್ವಾ?”

“ಕೊಡ್ಸಿದ್ರೆ ಅದನ್ನೂ ಬಿಚ್ಚಿ ನೋಡ್ತಾರೆ,” ಎಂದಳು ಅವಳು. “ನೀನು ಮೊದ್ಲು ಗನ್ ಹಿಡಿ. ಅಟ್ಟದಿಂದ ನಾನೇ ಇಳಿಸಿ ಒರೆಸಿಟ್ಟಿದೀನಿ.”

ಒರೆಸಿಟ್ಟಿದ್ದಾಳಂತೆ. ತನ್ನ ಕನ್ನಡಕವನ್ನು ಯಾವತ್ತಾದರೂ ಒರೆಸಿದ್ದಾಳೆಯೇ?

ಗುರಿ ಮೊದಲ ಕೆಟಲಿಗೆ ಹೊಡೆದ. ತಾಗದೆ ಕೆಟಲು ನೆಲಕ್ಕೆ ಬಿದ್ದು ಒಡೆಯಿತು. ಎರಡನೆಯದೂ ಒಡೆಯಿತು. ಒಂದು ಕಣ್ಣು ಮುಚ್ಚಿ ಹೊಡೆದ, ಮುಂದೆ ಸರಿದು ಹೊಡೆದ. ಒಂದೂ ತಾಗಲಿಲ್ಲ. ಬೆಸುಗೆಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. “ಅಭ್ಯಾಸ ತಪ್ಪಿರ್ಬೇಕು ಬಿಡೋ,” ಎಂದ, ಆದಷ್ಟೂ ಮೃದುವಾಗಿ.

ಗುರಿ ನಗಲಿಲ್ಲ. ಗನ್ನನ್ನು ತೊಡೆಯ ಮೇಲಿಟ್ಟುಕೊಂಡ. “ಅಭ್ಯಾಸ ಅಲ್ಲ ಕಣೋ. ಕಣ್ಣು. ಈಗ ಕ್ರೇನ್ ಓಡಿಸ್ತೀನಲ್ಲ, ಮೇಲೆ ಕೂತ್ರೆ ಕೆಳಗಡೆ ಕೊಕ್ಕೆ ಎರಡೆರಡು ಕಾಣ್ತದೆ ಒಂದೊಂದ್ಸಲ. ನಾಳೆ ಇಲ್ಲೇ ಆಸ್ಪತ್ರೇಲಿ ಪರೀಕ್ಷೆ. ಅದಕ್ಕೇ ಬಂದಿದ್ದು. ಇದೊಂದು ಆಡಿ ನೋಡೋಣ, ಹೊಡೆದ್ರೆ ಧೈರ್ಯವಾಗಿ ಹೋಗೋಣ ಅಂದ್ಕೊಂಡಿದ್ದೆ.” ಗನ್ನಿನ ತಂತಿಯನ್ನು ಸುತ್ತತೊಡಗಿದ. “ಇನ್ನು ಹೋಗೋದೇನು. ಸಾಯಂಕಾಲದ ಬಸ್ಸಿಗೆ ಊರಿಗೆ ಹೊರಡ್ತೀನಿ.”

“ಬೆಳಗ್ಗೆ ಸರಿ ಇತ್ತಲ್ಲ,” ಎಂದಳು ಹೆಂಡತಿ. “ನಾನೇ ನಾಲ್ಕು ಕೆಟಲ್ ಹೊಡ್ದೆ.” ಅವಳು ಬೆಸುಗೆಯ ಜೇಬಿನಲ್ಲಿದ್ದ ಪ್ಲಾಸ್ಟಿಕ್ ಸ್ಕ್ರೂಡ್ರೈವರನ್ನು ನೋಡಿದಳು. ಆಮೇಲೆ ಅವನ ಮುಖ ನೋಡಿದಳು. ಟೀವಿ ಅಂಗಡಿಯಲ್ಲಿ ಹುಟ್ಟಿ ಬೆಳೆದವಳು. ಟೀ ತರಲು ಒಳಗೆ ಹೋದಳು.

ಬೆಸುಗೆ ಕೆಮ್ಮಿದ. “ಕಣ್ಣಲ್ವೋ, ಟೀವಿ. ಹಳೇದು. ತಡಿ.”

ಹಿಂದೆ ಮೊಣಕಾಲೂರಿ ತಿರುಪನ್ನು ಬಲಕ್ಕೆ ತಿರುಗಿಸಿದ. ಬೆಳಕು ಬಂತು. ಕೈ ತೆಗೆದ, ಹೋಯಿತು. ಕಟಕ್ ಎಂದದ್ದು ಇದೇ. ಒತ್ತಿ ಹಿಡಿದರೆ ಮಾತ್ರ ನಿಲ್ಲುತ್ತಿತ್ತು.

“ಹೊಡಿ,” ಎಂದ, ಹಿಡಿದುಕೊಂಡೇ.

ಟಣ್. ಮೊದಲ ಕೆಟಲು ಗಾಳಿಯಲ್ಲೇ ಪುಡಿಯಾಯಿತು. ಟಣ್, ಟಣ್. “ಅಯ್ಯೋ ನಿನ್ನ!” ಗುರಿ ಹುಡುಗನ ಹಾಗೆ ಕೂಗಿದ. ಅವಳು ಟೀ ತಂದು ಅದೇ ಹಳೆಯ ಜಾಗದಲ್ಲಿ, ಅವನ ಪಕ್ಕದಲ್ಲಿ ಕೂತಳು. ಅಂದು ಸೈಕಲ್ಲು, ಇಂದು ತಿರುಪು. ಏಳನೇ ಸುತ್ತು, ಹನ್ನೆರಡು, ಹದಿನಾರು. ಮಣಿಕಟ್ಟು ಜೋಮು ಹಿಡಿಯಿತು. ಈಗ ಕೈ ಜಾರಿತು ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡ.

“ಇಪ್ಪತ್ತು!” ಗುರಿ ಎದ್ದು ನಿಂತ. “ತೆಗೀತು! ಕಿಟಕಿ ತೆಗೀತು ನೋಡಿ!”

ಗುರಿಯ ಮುಖದ ಮೇಲೆ ಹಳದಿ ಬೆಳಕು ಹರಡಿತು. ಅವಳ ಮುಖವನ್ನು ಮಾತ್ರ ನೋಡಬಾರದು ಅಂದುಕೊಂಡ ಬೆಸುಗೆ, ನೋಡಿಯೇ ಬಿಟ್ಟ.

ಅವಳು ಟೀವಿಯ ತಲೆಯ ಮೇಲಿಂದ ಕತ್ತು ಚಾಚಿ, ತಿರುಪನ್ನು ಒತ್ತಿ ಹಿಡಿದಿದ್ದ ಬೆಸುಗೆಯ ಕೈಯನ್ನು ನೋಡುತ್ತಿದ್ದಳು.

“ಥೂ, ಮುಚ್ಚೇಹೋಯ್ತು!” ಗುರಿ ಗನ್ನಿನಿಂದ ಹಣೆ ಚಚ್ಚಿಕೊಂಡ. “ಈ ಸಲಾನೂ ನೀವು ಕಿಟಕಿ ನೋಡ್ಲೇ ಇಲ್ವಲ್ರೀ! ಅವತ್ತೂ ಹಿಂಗೇ. ಇವನ ಸೈಕಲ್ ಯಾಕಿನ್ನೂ ಬರ್ಲಿಲ್ಲ ಅಂತ ಬಾಗ್ಲು ಕಡೆ ತಿರುಕ್ಕೊಂಡು ಕೂತಿದ್ರಿ.”

“ಟೀ ಆರ್ತಾ ಇದೆ, ಕುಡಿ ನೀನು,” ಎಂದಳು ಅವಳು ಗುರಿಗೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ.

ಆಟ ಮತ್ತೆ ಮೊದಲಿನಿಂದ ಶುರುವಾಗಿತ್ತು. ಯಾರೂ ಹೊಡೆಯದ ಕೆಟಲುಗಳು ಒಂದೊಂದಾಗಿ ಬಿದ್ದು ಒಡೆಯುವ ಸದ್ದು ಕೇಳಿಸುತ್ತಿತ್ತು. ಬೆಸುಗೆ ಟೀವಿಯ ಹಿಂದೆ ಹಾಗೇ ಕೂತಿದ್ದ, ತಿರುಪನ್ನು ಒತ್ತಿ ಹಿಡಿದುಕೊಂಡು.